‘ಟ್ರಾನ್ಸ್‌ಲೇಟ್’ ಎಂಬ ಕ್ರಿಯಾಪದವೂ ಹೊರುವವನ ಧರ್ಮವೂ

ನಮ್ಮ ಸಂಘದ ವತಿಯಿಂದ ಕುಂಡಯಿಯಲ್ಲಿ ಸಂಜೆಯ ಹೊತ್ತು ಒಂದು ಚಿಕ್ಕ ಪಾಠ ನಡೆಯುತ್ತಿರುವುದು ವಾಚಕರಿಗೆ ತಿಳಿದೇ ಇದೆ. ಕೈಗಾರಿಕಾ ವಸಾಹತಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಅರ್ಜಿಯನ್ನು ಓದುವಷ್ಟು, ಬಸ್ಸಿನ ಫಲಕವನ್ನು ಗುರುತಿಸುವಷ್ಟು ಇಂಗ್ಲಿಷ್ ಕಲಿಸುವುದು ಅದರ ಉದ್ದೇಶ. ಕಳೆದ ಮಳೆಗಾಲದ ಒಂದು ಸಂಜೆ ಅಲ್ಲಿ ಒಬ್ಬ ತರುಣನು ನಮ್ಮನ್ನು ಹೀಗೆ ಕೇಳಿದನು: “ಟ್ರಾನ್ಸ್‌ಫರ್ ಎಂದರೆ ವರ್ಗಾವಣೆ, ಟ್ರಾನ್ಸ್‌ಲೇಟ್ ಎಂದರೆ ಭಾಷಾಂತರ. ಎರಡಕ್ಕೂ ಮುಂದೆ ‘ಟ್ರಾನ್ಸ್’ ಏಕೆ ಇದೆ?” ಶಿಕ್ಷಕ ತರಬೇತಿಯ ಎರಡು ವರ್ಷಗಳಲ್ಲಿ ಪ್ರಶ್ನೆ ಕೇಳುವುದನ್ನು ನಮಗೆ ಕಲಿಸಿದ್ದರು, ಉತ್ತರ ತಿಳಿಯದಿದ್ದಾಗ ಯಾವ ಮುಖ ಮಾಡಬೇಕೆಂಬುದನ್ನು ಕಲಿಸಿರಲಿಲ್ಲ. “ನಾಳೆ ಹೇಳುವೆವು” ಎಂದು ಮನೆಗೆ ಬಂದೆವು. ಆ ನಾಳೆ ಇನ್ನೂ ಮುಗಿದಿಲ್ಲ. ಪದದ ಬೇರನ್ನು ಅರಸಹೊರಟ ನಮಗೆ, ಮರೆಯಬೇಕೆಂದಿದ್ದ ಒಂದು ಸಂಗತಿ ಆ ಬೇರಿನ ಬುಡದಲ್ಲಿಯೇ ಸಿಕ್ಕಿತು. ಮೊದಲು ಪದದ ಮಾತನ್ನು ಹೇಳಿ ಆಮೇಲೆ ಆ ಸಂಗತಿಗೆ ಬರುವೆವು.

ನಮಗೆ ಲ್ಯಾಟಿನ್ ಬಾರದು. ಹಳೆಯ ಗೋವೆಯ ಕಡೆ ಪರಿಚಯದ ಒಬ್ಬ ವೃದ್ಧ ಪಾದ್ರಿಗಳಿದ್ದಾರೆ. ನಿಘಂಟಿನಲ್ಲಿ ಕಂಡುದನ್ನು ಬರೆದುಕೊಂಡು ಅವರ ಬಳಿ ಹೋದೆವು. ಅವರು ಕಣ್ಣು ಮುಚ್ಚಿ, ನಮ್ಮ ಮಕ್ಕಳು ಮಗ್ಗಿ ಒಪ್ಪಿಸುವಂತೆ, “ಫೆರೋ, ಫೆರ್ರೆ, ಟುಲಿ, ಲಾಟುಮ್” ಎಂದು ರಾಗವಾಗಿ ಹೇಳಿ ನಕ್ಕರು. ಲ್ಯಾಟಿನ್ನಿನಲ್ಲಿ ಹೊರುವುದಕ್ಕೆ, ಒಯ್ಯುವುದಕ್ಕೆ ಇರುವ ಕ್ರಿಯಾಪದ ಇದು. ವರ್ತಮಾನದಲ್ಲಿ ‘ಫೆರೋ’, ಎಂದರೆ ‘ಹೊರುತ್ತೇನೆ’, ಭೂತದಲ್ಲಿ ‘ಟುಲಿ’, ಎಂದರೆ ‘ಹೊತ್ತೆನು’, ಹೊರಲ್ಪಟ್ಟುದು ‘ಲಾಟುಸ್’. ಒಂದೇ ಕ್ರಿಯಾಪದದ ರೂಪಗಳು ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುವುದಕ್ಕೆ ಕಾರಣವೇನೆಂದರೆ, ಬೇರೆ ಬೇರೆ ಎರಡು ಧಾತುಗಳು ಕೂಡಿಕೊಂಡು ಒಂದೇ ಸಂಸಾರವನ್ನು ನಡೆಸುತ್ತಿವೆ. ಇಂಗ್ಲಿಷಿನಲ್ಲಿ ‘ಗೋ’ ಎಂಬುದರ ಭೂತಕಾಲಕ್ಕೆ ‘ವೆಂಟ್’ ಎಂಬ ಪರಕೀಯನು ಬಂದು ಕುಳಿತಿರುವನಲ್ಲವೆ? ಹಾಗೆಯೇ ಇದೂ. ಈ ಕ್ರಿಯಾಪದದ ಹಿಂದೆ ‘ಆಚೆಗೆ’ ಎಂಬರ್ಥದ ‘ಟ್ರಾನ್ಸ್’ ಸೇರಿದರೆ ‘ಆಚೆಗೆ ಹೊರು’ ಎಂದಾಗುವುದು. ಅದರ ವರ್ತಮಾನರೂಪದಿಂದ ಇಂಗ್ಲಿಷಿಗೆ ‘ಟ್ರಾನ್ಸ್‌ಫರ್’ ಬಂದಿತು. ‘ಲಾಟುಸ್’ ರೂಪದಿಂದ ‘ಟ್ರಾನ್ಸ್‌ಲೇಟ್’ ಬಂದಿತು. ತರುಣನ ಪ್ರಶ್ನೆಗೆ ಇಷ್ಟೇ ಉತ್ತರ. ವರ್ಗಾವಣೆಯೂ ಭಾಷಾಂತರವೂ ಒಂದೇ ತಾಯಿಯ ಮಕ್ಕಳು.

ಆದರೆ ಸ್ವಾರಸ್ಯ ಇನ್ನೂ ಕೆಳಗಿದೆ. ‘ಫೆರೋ’ ಎಂಬುದೂ ಸಂಸ್ಕೃತದ ‘ಭೃ’ ಧಾತುವೂ ಒಡಹುಟ್ಟುಗಳು. ನಮ್ಮ ‘ಭಾರ’, ‘ಭರಿಸು’, ‘ಭೃತ್ಯ’ ಎಂಬ ಮಾತುಗಳು ಆ ವಂಶದವು. ಇಂಗ್ಲಿಷಿನ ‘ಬೇರ್’ ಎಂಬ ಕ್ರಿಯಾಪದವೂ ಅದೇ. ‘ಟುಲಿ’, ‘ಲಾಟುಸ್’ ಎಂಬವು ಎತ್ತಿ ಹಿಡಿಯುವುದನ್ನು, ತೂಗುವುದನ್ನು ಹೇಳುವ ‘ತುಲ್’ ಧಾತುವಿನ ಬಂಧುಗಳು. ನಮ್ಮ ‘ತುಲೆ’, ‘ತುಲನೆ’ ಅಲ್ಲಿಂದ ಬಂದವು. ‘ಟ್ರಾನ್ಸ್’ ಎಂಬುದು ದಾಟುವುದನ್ನು ಹೇಳುವ ‘ತೃ’ ಧಾತುವಿನ ದಾಯಾದಿ. ತರಣ, ತಾರಕ, ತೀರ್ಥಗಳು ಅದರ ಕಡೆಯವು. ಸಂಸ್ಕೃತದಿಂದ ಲ್ಯಾಟಿನ್ ಹುಟ್ಟಿತೆಂದು ಇದರ ಅರ್ಥವಲ್ಲ. ಎರಡೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು. ಹೀಗಿರುವಲ್ಲಿ ರೋಮನರು ಒಂದು ಕ್ರಿಯಾಪದದೊಳಗೆ ಗಂಟು ಹಾಕಿದ ಎರಡು ಧಾತುಗಳನ್ನು ನಮ್ಮವರು ಒಂದು ಸಮಾಸದೊಳಗೆ ಗಂಟು ಹಾಕಿರುವರು: ತುಲಾಭಾರ! ದೇವಸ್ಥಾನದಲ್ಲಿ ಮಗುವನ್ನು ತಕ್ಕಡಿಯಲ್ಲಿ ಕೂಡಿಸಿ ಬೆಲ್ಲವನ್ನು ತೂಗುವಾಗ ಯಾರಿಗೂ ಲ್ಯಾಟಿನ್ ವ್ಯಾಕರಣದ ನೆನಪಾಗಲಾರದು. ನಮಗಂತೂ ಈಗ ಆಗುವುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಕಿವಿಯನ್ನು ನಂಬಿ ಬೇರು ಕೀಳಲಾಗದು. ಕನ್ನಡದ ‘ತರು’ ಎಂಬುದಕ್ಕೂ ‘ಟ್ರಾನ್ಸ್’‌ಗೂ ನಂಟಿರಬಹುದೆಂದು ನಾವು ಅರ್ಧ ದಿನ ಸಂಭ್ರಮಪಟ್ಟಿದ್ದೆವು. ‘ತರ್ಜುಮೆ’ಯನ್ನೂ ಅದೇ ದಾರಕ್ಕೆ ಪೋಣಿಸಿದ್ದೆವು. ‘ತರು’ ಎಂಬುದು ಅಚ್ಚ ದ್ರಾವಿಡ. ‘ತರ್ಜುಮೆ’ ಅರಬ್ಬಿಯ ಮೂಲದಿಂದ ಬಂದುದು. ದಾರ ಹರಿಯಿತು.

ಇಂಗ್ಲಿಷಿನಲ್ಲಿಯೂ ‘ಟ್ರಾನ್ಸ್‌ಲೇಟ್’ ಎಂಬುದು ಮಾತಿಗೆ ಮಾತ್ರ ಮೀಸಲಾಗಿರಲಿಲ್ಲ. ಒಂದು ಪೀಠದ ಬಿಷಪ್ಪನನ್ನು ಇನ್ನೊಂದು ಪೀಠಕ್ಕೆ ಕಳುಹಿದರೆ ಅವನನ್ನು ‘ಟ್ರಾನ್ಸ್‌ಲೇಟ್’ ಮಾಡಿದರೆಂದೇ ಹೇಳುವರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಮರಣವನ್ನು ಕಾಣದೆ ದೇವರ ಬಳಿ ಸೇರಿದ ಹನೋಕನ ವಿಷಯಕ್ಕೂ ಇದೇ ಕ್ರಿಯಾಪದ. ಷೇಕ್ಸ್‌ಪಿಯರನ ನಡುಬೇಸಗೆಯ ಕನಸಿನ ನಾಟಕದಲ್ಲಿ ನೇಕಾರ ಬಾಟಮ್ಮನಿಗೆ ಕತ್ತೆಯ ತಲೆ ಬಂದಾಗ ಅವನ ಗೆಳೆಯನು ಗಾಬರಿಯಿಂದ ಬಳಸುವ ಮಾತೂ ಇದೇ. ಒಳ್ಳೆಯ ಕವಿತೆಗೆ ಕೆಟ್ಟ ಭಾಷಾಂತರವಾದಾಗಲೆಲ್ಲ ನಮಗೆ ಆ ಕತ್ತೆಯ ತಲೆ ನೆನಪಾಗುವುದು. ಇನ್ನು ರೇಖಾಗಣಿತದವರು ಒಂದು ಆಕೃತಿಯನ್ನು ತಿರುಗಿಸದೆ, ಹಿಗ್ಗಿಸದೆ, ಕುಗ್ಗಿಸದೆ ಬೇರೊಂದು ಜಾಗಕ್ಕೆ ಸರಿಸುವುದಕ್ಕೂ ಇದೇ ಹೆಸರನ್ನಿಟ್ಟಿದ್ದಾರೆ. ತ್ರಿಕೋಣವು ಪುಣ್ಯವಂತ, ಎಷ್ಟು ದೂರ ಹೊತ್ತರೂ ಅದರ ಮೂರು ಕೋನಗಳೂ ಹಾಗೆಯೇ ಇರುವುವು.

ಈ ಕ್ರಿಯಾಪದದ ಹಳೆಯ ಅರ್ಥವನ್ನು ಕಣ್ಣಾರೆ ಕಾಣಬೇಕೆಂಬವರು ನಮ್ಮ ಕುಂಡಯಿಯ ಸೀಮೆಗೇ ಬರಬೇಕು. ತಿಸವಾಡಿಗೂ ಫೋಂಡೆಗೂ ನಡುವೆ ಕುಂಭಾರಜುವೆಯ ಕಾಲುವೆ ಹರಿಯುತ್ತದೆ. ಬಾಣಸ್ತಾರಿಯ ಸೇತುವೆಯ ಮೇಲೆ ಬಸ್ಸು ಅದನ್ನು ದಾಟುತ್ತದೆ. ಕಾಲುವೆಯ ಆಚೆಗೆ ಹಳೆಯ ಗೋವೆ. ಅಲ್ಲಿಯ ಬೊಂ ಜೇಜುಸ್ ಮಂದಿರದಲ್ಲಿ ಸಂತ ಫ್ರಾನ್ಸಿಸ್ ಝೇವಿಯರನ ದೇಹವಿದೆ. ಆತನು 1552ರ ಡಿಸೆಂಬರಿನಲ್ಲಿ ಚೀನದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡನು. ದೇಹವನ್ನು ಅಲ್ಲಿಂದ ಮಲಕ್ಕೆಗೆ, ಮಲಕ್ಕೆಯಿಂದ 1554ರಲ್ಲಿ ಗೋವೆಗೆ ತಂದರು. ಸಂತನ ಅವಶೇಷವನ್ನು ಹೀಗೆ ಹೊತ್ತು ತರುವುದಕ್ಕೆ ಕ್ರೈಸ್ತಸಭೆಯವರು ಬಳಸುವ ಲ್ಯಾಟಿನ್ ಮಾತು ‘ಟ್ರಾನ್ಸ್‌ಲಾಟಿಯೊ’. 2024ರ ನವೆಂಬರಿನಲ್ಲಿ ಆ ದೇಹವನ್ನು ದರ್ಶನಕ್ಕೆಂದು ಎದುರಿನ ಸೇ ಕತೀದ್ರಾಲಿಗೆ ಮೆರವಣಿಗೆಯಲ್ಲಿ ಒಯ್ದರು.

ಕಾಲುವೆಯ ಈಚೆಗೆ, ಅಂದರೆ ನಮ್ಮ ಕಡೆಗೆ, ಬೇರೊಂದು ಬಗೆಯ ಒಯ್ಯುವಿಕೆ ನಡೆಯಿತು. ಪೋರ್ಚುಗೀಸರು 1510ರಲ್ಲಿ ತಿಸವಾಡಿಯನ್ನೂ 1543ರಲ್ಲಿ ಬಾರ್ದೇಶ, ಸಾಷ್ಟಿಗಳನ್ನೂ ಹಿಡಿದರು. 1540ರಿಂದ ಮುಂದಣ ಮೂರು ದಶಕಗಳಲ್ಲಿ ಅಲ್ಲಿಯ ದೇವಾಲಯಗಳು ಕೆಡವಲ್ಪಟ್ಟಾಗ ಜನರು ತಮ್ಮ ದೇವರುಗಳನ್ನು ಹೊತ್ತು ನೀರನ್ನು ದಾಟಿದರು. ಕುಶಸ್ಥಳಿಯ ಮಂಗೇಶನು 1560ರಲ್ಲಿ ಪ್ರಿಯೋಳಕ್ಕೆ ಬಂದನು. ಕೇಳೋಶಿಯ ಶಾಂತಾದುರ್ಗೆ ಕವಳೆಗೆ ಬಂದಳು. ವೆರಣೆಯ ಮಹಾಲಸೆ ಮಾರ್ದೋಳಕ್ಕೆ ಬಂದಳು. ನಮ್ಮ ಕುಂಡಯಿಯ ನವದುರ್ಗೆಯೂ ತಿಸವಾಡಿಯ ಗಾಂವಶಿಯಿಂದ ಹೀಗೆಯೇ ಬಂದವಳೆಂದು ಊರಿನವರು ಹೇಳುವರು. ಆಗ ಫೋಂಡೆಯ ಸೀಮೆ ಪೋರ್ಚುಗೀಸರದಾಗಿರಲಿಲ್ಲ, ಬಿಜಾಪುರದ ಆದಿಲಶಾಹಿಯದಾಗಿತ್ತು. ಪೋರ್ಚುಗೀಸರ ಕೈಗೆ ಅದು ಸೇರಿದ್ದು 1763ರಲ್ಲಿ. ಅಂದು ದೇವರುಗಳು ಬಿಜಾಪುರದ ಆಳ್ವಿಕೆಯ ನೆರಳಿಗೆ ಬಂದುವು. ಇಂದು ಅದೇ ವಿಜಯಪುರದ ಸೀಮೆಯಿಂದ ಮನುಷ್ಯರು ಅನ್ನವನ್ನರಸಿ ಅದೇ ಜಾಗಕ್ಕೆ ಬರುತ್ತಿದ್ದಾರೆ. ಇದರಿಂದ ಯಾವ ತತ್ತ್ವವನ್ನೂ ತೆಗೆಯಲು ನಾವು ಹೊರಟಿಲ್ಲ, ನೋಡಿ ಸುಮ್ಮನಾದೆವು.

ನಮ್ಮ ಗಮನ ನಿಂತದ್ದು ಬೇರೆಡೆಗೆ. ಹೊತ್ತವರು ಏನನ್ನು ಹೊತ್ತರು, ಏನನ್ನು ಬಿಟ್ಟರು? ಮೂರ್ತಿಯನ್ನು ಹೊತ್ತರು, ಗುಡಿಯನ್ನು ಹೊರಲಾಗದು. ಕೆರೆಯನ್ನು ಹೊರಲಾಗದು, ಅಶ್ವತ್ಥವನ್ನು ಹೊರಲಾಗದು, ದೇವರಿಗೆ ಬಿಟ್ಟಿದ್ದ ಗದ್ದೆಗಳನ್ನು ಹೊರಲಾಗದು. ಮನುಷ್ಯನ ಹೆಗಲು ಎಷ್ಟು ಅಗಲವೋ ಅಷ್ಟೇ ದಾಟಿದ್ದು. ಆದರೆ ಒಂದು ಮಾತನ್ನು ಮರೆಯಬಾರದು: ಬಿಟ್ಟುಬಂದುದು ಏನೆಂಬುದು ಅಲ್ಲಿ ಎಲ್ಲರಿಗೂ ಗೊತ್ತಿತ್ತು. ಹೊತ್ತವರೂ ಊರಿನವರೇ, ಕಳೆದುಕೊಂಡವರೂ ಊರಿನವರೇ. ಆದುದರಿಂದಲೇ ನಾಲ್ಕೂವರೆ ಶತಮಾನಗಳು ಕಳೆದರೂ ಕುಶಸ್ಥಳಿ, ಕೇಳೋಶಿ, ವೆರಣೆಗಳ ಹೆಸರು ಅವರ ಬಾಯಲ್ಲಿ ಉಳಿದಿದೆ.

ಮಾತನ್ನು ಹೊರುವವನ ಸ್ಥಿತಿ ಹೀಗಲ್ಲ. ಒಬ್ಬನು ಒಂದು ಭಾಷೆಯನ್ನು ಮಾತ್ರ ಬಲ್ಲನು, ಇನ್ನೊಬ್ಬನು ಇನ್ನೊಂದನ್ನು ಮಾತ್ರ ಬಲ್ಲನು. ನಡುವೆ ನಿಂತವನು ಎರಡನ್ನೂ ಬಲ್ಲನು. ಅವನು ಬಿಟ್ಟುಬಂದುದೇನೆಂಬುದು ಲೋಕದಲ್ಲಿ ಅವನೊಬ್ಬನಿಗೇ ಗೊತ್ತು. ಈ ಒಂಟಿ ಜ್ಞಾನದಲ್ಲಿಯೇ ಅವನ ಧರ್ಮಸಂಕಟವೆಲ್ಲ ಅಡಗಿದೆಯೆಂದು ನಮ್ಮ ಅಲ್ಪಮತಿಗೆ ತೋರುತ್ತದೆ.

ಇಂಥವನನ್ನು ಪೋರ್ಚುಗೀಸರು ‘ಲಿಂಗ್ವ’ ಎಂದು ಕರೆಯುತ್ತಿದ್ದರು, ಅಂದರೆ ‘ನಾಲಿಗೆ’. ಗೋವೆಯ ಸರಕಾರದ ದುಭಾಷಿಗೆ ‘ರಾಜ್ಯದ ನಾಲಿಗೆ’ ಎಂಬುದೇ ಹುದ್ದೆಯ ಹೆಸರು. ನಾಲಿಗೆಗೆ ಸ್ವಂತದ ಮನಸ್ಸಿಲ್ಲವೆಂದು ಆಳುವವರು ನಂಬಿದ್ದರೆಂದು ತೋರುತ್ತದೆ. ಇಲ್ಲವೆ ನಂಬಬೇಕೆಂದು ಬಯಸಿದ್ದರು. ಭಾಷಾಂತರಕ್ಕೆ ಅವರ ಭಾಷೆಯಲ್ಲಿರುವ ಕ್ರಿಯಾಪದವೂ ಬೇರೆ. ‘ಆಚೆಗೆ ಹೊರು’ ಎಂಬುದಲ್ಲ, ‘ಆಚೆಗೆ ನಡೆಸಿಕೊಂಡು ಹೋಗು’ ಎಂಬರ್ಥದ ಲ್ಯಾಟಿನ್ ಮಾತಿನಿಂದ ಬಂದ ‘ಟ್ರಾದುಝೀರ್’. ಅದೇ ಮಾತು ಇಂಗ್ಲಿಷಿಗೆ ಹೋಗಿ ‘ಟ್ರಡ್ಯೂಸ್’ ಆಗಿ, ಚಾಡಿ ಹೇಳು, ಹೆಸರು ಕೆಡಿಸು ಎಂಬ ಅರ್ಥವನ್ನು ಪಡೆಯಿತು. ಒಬ್ಬರ ಭಾಷಾಂತರವು ಇನ್ನೊಬ್ಬರ ಅಪವಾದವಾಯಿತು!

ಹಾಗೆಂದು ಹೊರುವವನು ಎಲ್ಲವನ್ನೂ ಇದ್ದಕ್ಕಿದ್ದಂತೆ ಹೊರಬೇಕೆಂದರೆ ಅದೂ ಆಗದ ಮಾತು. 1579ರಲ್ಲಿ ಗೋವೆಗೆ ಬಂದ ಥಾಮಸ್ ಸ್ಟೀಫನ್ಸ್ ಎಂಬ ಇಂಗ್ಲಿಷ್ ಪಾದ್ರಿಯನ್ನು ನೋಡಿರಿ. ಆತನು ಕ್ರಿಸ್ತನ ಚರಿತ್ರೆಯನ್ನು ಮರಾಠಿಯ ಓವಿಗಳಲ್ಲಿ ಬರೆದನು. 1616ರಲ್ಲಿ ರಾಯತೂರಿನಲ್ಲಿ ಅದು ಅಚ್ಚಾಯಿತು. ಅದರಲ್ಲಿ ಸ್ವರ್ಗಕ್ಕೆ ಆತನು ಇಟ್ಟ ಹೆಸರು ವೈಕುಂಠ. ಲ್ಯಾಟಿನ್ ಬಲ್ಲ ಪಾದ್ರಿಗೆ ವೈಕುಂಠವು ಯಾರ ಮನೆಯೆಂಬುದು ತಿಳಿಯದೆ ಇದ್ದೀತೆ? ತಿಳಿದೇ ಬಳಸಿದನು, ಬಹಿರಂಗವಾಗಿ ಬಳಸಿದನು. ಓದುವವರೂ ಅದು ತಮ್ಮ ಮಾತೆಂದು ಬಲ್ಲರು. ಅಲ್ಲಿ ಬದಲಾವಣೆ ಇದೆ, ವಂಚನೆ ಇಲ್ಲ. ಆತನು ಬರೆದ ಕೊಂಕಣಿ ವ್ಯಾಕರಣವು 1640ರಲ್ಲಿ, ಆತನು ತೀರಿಕೊಂಡ ಮೇಲೆ, ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿಯನ್ನು ‘ಕಾನಾರಿಂ’ ಭಾಷೆಯೆಂದು ಕರೆದಿದೆ. ನಮ್ಮ ನಾಡಿನ ಹೆಸರು ಕೂಡ ಯಾರದೋ ಹೆಗಲನ್ನೇರಿ ನೆರೆಮನೆಯನ್ನು ಸೇರಿತು.

ಕನ್ನಡದವರಾದ ನಮಗೆ ‘ಭಾಷಾಂತರ’ವಿದೆ, ‘ಅನುವಾದ’ವಿದೆ, ‘ತರ್ಜುಮೆ’ಯಿದೆ, ‘ಕನ್ನಡಿಸು’ ಎಂಬ ಮುದ್ದಾದ ಮಾತೂ ಇದೆ. ‘ಭಾಷಾಂತರ’ವು ಬೇರೆ ಭಾಷೆ ಎಂದಷ್ಟೇ ಹೇಳಿ ಸುಮ್ಮನಾಗುವುದು. ‘ಅನುವಾದ’ವು ಹಿಂದೆ ಹಿಂದೆ ನುಡಿಯುವ ವಿನಯವನ್ನು ಹೇಳುವುದು. ಯಾವುದರಲ್ಲಿಯೂ ಹೊರೆಯ ಮಾತಿಲ್ಲ. ಬಿ.ಎಂ. ಶ್ರೀಕಂಠಯ್ಯನವರು ತಮ್ಮ ಇಂಗ್ಲಿಷ್ ಗೀತಗಳಿಂದ ಕನ್ನಡ ಕಾವ್ಯಕ್ಕೆ ಹೊಸ ದಾರಿಯನ್ನೇ ತೋರಿಸಿದರು. ಅಲ್ಲಿ ಒಂದು ಮಾತು ಬಿಟ್ಟರೆ ನಷ್ಟವು ರಸಿಕನದು, ಅವನು ಮೂಲವನ್ನು ತೆಗೆದು ನೋಡಬಹುದು. ಕಾರ್ಖಾನೆಯ ಬಾಗಿಲಿನಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ಮೂಲವನ್ನು ತೆಗೆದು ನೋಡುವ ಅವಕಾಶವಿಲ್ಲ. ಆಡಿದ ಮಾತು ಗಾಳಿಗೆ ಹೋಗಿರುತ್ತದೆ. ನಾವು ಹೇಳಹೊರಟಿರುವುದು ಇಂಥ ಭಾಷಾಂತರವನ್ನು ಕುರಿತು.

ಈಗ ಆ ಸಂಗತಿ. ಆರು ವರ್ಷಗಳ ಹಿಂದೆ ವಸಾಹತಿನ ಒಂದು ಕಾರ್ಖಾನೆಯಲ್ಲಿ ನಮ್ಮ ಕಡೆಯ ಒಬ್ಬ ಕೂಲಿಯ ಎರಡು ಬೆರಳುಗಳ ತುದಿ ಯಂತ್ರಕ್ಕೆ ಸಿಕ್ಕಿ ಹೋದವು. ಅವನು ಗೋವೆಗೆ ಬಂದು ಒಂದೂವರೆ ತಿಂಗಳಾಗಿತ್ತು. ಕನ್ನಡದ ಹೊರತು ಬೇರೆ ಮಾತು ಬಾರದು. ಹನ್ನೆರಡು ದಿನಗಳಾದ ಮೇಲೆ ಲೆಕ್ಕ ತೀರಿಸುವುದಕ್ಕೆಂದು ಕರೆದಾಗ, ಮಾಸ್ತರರು ಬಂದು ಮಾತಾಡಲಿ ಎಂದು ಅವನ ಕಡೆಯವರು ನಮ್ಮನ್ನು ಕರೆದೊಯ್ದರು. ಮೇಜಿನ ಆಚೆ ಕುಳಿತ ಮಹನೀಯರು ಹಿಂದಿಯಲ್ಲಿ ಹೇಳಿದ್ದು ಇಷ್ಟು: ತಪ್ಪು ಇವನದೇ; ಕುಡಿದಿದ್ದನೋ ಏನೋ; ಇಷ್ಟು ಹಣವನ್ನು ತೆಗೆದುಕೊಂಡು ಹೆಬ್ಬೆಟ್ಟೊತ್ತಿ ಹೋಗಲಿ; ಮತ್ತೆ ಈ ಬಾಗಿಲಿಗೆ ಬರಬಾರದು. ಧ್ವನಿ ಗಡುಸಾಗಿತ್ತು. ಅವನು ನಮ್ಮ ಮುಖವನ್ನು ನೋಡಿದನು. ನಾವು ಕನ್ನಡದಲ್ಲಿ ಹೇಳಿದ್ದು ಇದು: “ಸಾಹೇಬರಿಗೆ ಬಹಳ ಬೇಸರವಾಗಿದೆ. ಸದ್ಯಕ್ಕೆ ಇಷ್ಟು ಕೊಟ್ಟಿದ್ದಾರೆ. ಊರಿಗೆ ಹೋಗಿ ಸುಧಾರಿಸಿಕೋ.”

ಅವನು ಕಟ್ಟು ಹಾಕಿದ ಕೈಯನ್ನೂ ಸೇರಿಸಿ ಮುಗಿದನು. ಎಡಗೈಯ ಹೆಬ್ಬೆಟ್ಟನ್ನೊತ್ತಿದನು.

ಏಕೆ ಹಾಗೆ ಹೇಳಿದೆವು? ನೊಂದವನನ್ನು ಇನ್ನಷ್ಟು ನೋಯಿಸಬಾರದೆಂಬ ಕರುಣೆಯಿಂದ ಎಂದು ಬಹುಕಾಲ ನಮಗೆ ನಾವೇ ಹೇಳಿಕೊಂಡೆವು. ಅದು ಸುಳ್ಳಲ್ಲ. ಆದರೆ ಆ ಒರಟು ಮಾತು ನಮ್ಮ ಬಾಯಿಂದ ಬರುವುದಕ್ಕೆ ನಾಚಿಕೆಯಾಯಿತೆಂಬುದೂ ನಿಜ. ಅದೇ ಮಹನೀಯರು ಹಿಂದಿನ ವರ್ಷ ನಮ್ಮ ಮಕ್ಕಳಿಗೆ ಎರಡು ಪೆಟ್ಟಿಗೆ ನೋಟುಪುಸ್ತಕಗಳನ್ನು ಕೊಟ್ಟಿದ್ದರೆಂಬುದೂ ನಿಜ. ಹೊರೆಯನ್ನು ಹಗುರ ಮಾಡಿದ್ದು ಅವನಿಗಾಗಿಯೋ ನಮ್ಮ ಹೆಗಲಿಗಾಗಿಯೋ ಎಂಬುದನ್ನು ತೂಗಿ ನೋಡಿದರೆ ತಕ್ಕಡಿ ಅವನ ಕಡೆಗೆ ಬಾಗುವುದೆಂದು ಈಗ ಹೇಳಲಾರೆವು.

ಬಿಟ್ಟದ್ದಕ್ಕಿಂತ ಸೇರಿಸಿದ್ದು ದೊಡ್ಡ ಅಪರಾಧವಾಯಿತು. ‘ಸದ್ಯಕ್ಕೆ’ ಎಂಬ ಮಾತು ಮೇಜಿನ ಆಚೆಯವರದಲ್ಲ, ನಮ್ಮದು. ವಾಕ್ಯವು ಮೆತ್ತಗಾಗಲೆಂದು ಹಾಕಿದ್ದು. ಆ ಒಂದು ಮಾತನ್ನು ನಂಬಿ ಅವನು ಊರಿನಲ್ಲಿ ನಾಲ್ಕು ತಿಂಗಳು ಕಾದನು. ಮುಂದೆ ಬರುವುದಿದೆಯೆಂದು ಸಾಲ ಮಾಡಿದನು. ಆಮೇಲೆ ಮರಳಿ ಬಂದು ಬಾಗಿಲಿನಲ್ಲಿ ನಿಂತು ಉಳಿದುದನ್ನು ಕೇಳಿದನು. ಕಾವಲಿನವನು ನಕ್ಕನು. ಜೊತೆಗೆ ಹಿಂದಿ ಬಲ್ಲ ಒಬ್ಬನಿದ್ದನು; ಅಂದು ಆಡಿದ ಮಾತು ಏನೆಂಬುದು ಅವನ ಮೂಲಕ ಹೊರಬಿದ್ದಿತು. ಸಂಜೆ ನಮ್ಮ ಕೋಣೆಗೆ ಬಂದನು. ಸಿಟ್ಟು ಮಾಡಲಿಲ್ಲ. “ನೀವು ಇದ್ದಂಗ ಹೇಳಿದ್ದರ ಆ ರೊಕ್ಕ ನಾ ಮುಟ್ಟತಿದ್ದಿಲ್ರಿ, ಮಾಸ್ತರ” ಎಂದನು.

ಈ ಮಾತನ್ನು ನಾವು ಬಹಳ ದಿನ ಹೊತ್ತುಕೊಂಡು ತಿರುಗಿದೆವು. ಅದರ ಅರ್ಥ ತಡವಾಗಿ ತಿಳಿಯಿತು. ನಾವು ಅವನಿಂದ ಕದ್ದದ್ದು ಹಣವನ್ನಲ್ಲ, ಸಿಟ್ಟನ್ನು. ಬೇಡ ಎಂದು ಹೇಳುವ, ಹೆಬ್ಬೆಟ್ಟೊತ್ತದೆ ಎದ್ದುಹೋಗುವ, ಕಾಯಿದೆಯ ಬಾಗಿಲನ್ನು ತಟ್ಟುವ, ಇಲ್ಲವೆ ಎಲ್ಲವನ್ನೂ ತಿಳಿದೂ ಬಡತನದಿಂದ ಆ ಹಣವನ್ನೇ ತೆಗೆದುಕೊಳ್ಳುವ ಆಯ್ಕೆ ಅವನದಾಗಿತ್ತು. ಅವನ ಪರವಾಗಿ ನಾವು ಆಯ್ದೆವು. ಆಯ್ದೆವೆಂಬುದನ್ನು ಅವನಿಗೆ ತಿಳಿಸಲಿಲ್ಲ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದೂತರನ್ನು ಮೂರು ಬಗೆಯಾಗಿ ವಿಂಗಡಿಸಿದೆ. ತನ್ನ ವಿವೇಕದಂತೆ ಸಂಧಾನವನ್ನು ನಡೆಸುವ ಪೂರ್ಣಾಧಿಕಾರವುಳ್ಳವನು ನಿಸೃಷ್ಟಾರ್ಥ. ಗೊತ್ತುಪಡಿಸಿದ ಮಿತಿಯೊಳಗೆ ಮಾತ್ರ ಮಾತಾಡಬಲ್ಲವನು ಪರಿಮಿತಾರ್ಥ. ಕೊಟ್ಟ ಸಂದೇಶವನ್ನು ಒಯ್ದು ಮುಟ್ಟಿಸುವವನು ಶಾಸನಹರ. ‘ಹರ’ ಎಂಬಲ್ಲಿ ಮತ್ತೆ ಒಯ್ಯುವ ಮಾತೇ ಬಂದಿದೆಯೆಂಬುದನ್ನು ಗಮನಿಸಬೇಕು. ಆ ಕೂಲಿಯು ನಮ್ಮನ್ನು ಕರೆದದ್ದು ಶಾಸನಹರನನ್ನಾಗಿ. ಬಾಗಿಲನ್ನು ದಾಟುವಷ್ಟರಲ್ಲಿ ನಾವು ನಿಸೃಷ್ಟಾರ್ಥರಾಗಿದ್ದೆವು. ಯಾರು ಕೊಟ್ಟ ಅಧಿಕಾರ? ಎರಡು ಭಾಷೆ ಬಲ್ಲವನು ಒಂದು ಭಾಷೆ ಬಲ್ಲವನ ಮುಂದೆ ತಾನೇ ತೆಗೆದುಕೊಳ್ಳುವ ಅಧಿಕಾರ ಅದು. ಅದನ್ನು ಯಾರೂ ಕೊಡುವುದಿಲ್ಲ. ಆದುದರಿಂದಲೇ ಯಾರೂ ಕಸಿದುಕೊಳ್ಳಲಾರರು.

ಇಲ್ಲಿ ಕೆಲವರು ಒಂದು ಆಕ್ಷೇಪವನ್ನೆತ್ತುವರು. ಅಪ್ರಿಯವಾದ ಸತ್ಯದ ವಿಷಯದಲ್ಲಿ ನಮ್ಮ ಹಿರಿಯರು ಹಾಕಿಕೊಟ್ಟ ನೀತಿಯೊಂದು ಇಲ್ಲವೆ? ಇಬ್ಬರ ನಡುವೆ ಜಗಳವನ್ನು ತಪ್ಪಿಸುವುದು ಪುಣ್ಯವಲ್ಲವೆ? ಸಂಘದ ಹಿರಿಯರೊಬ್ಬರು ನಮಗೆ ಹೀಗೆಯೇ ಸಮಾಧಾನ ಹೇಳಿದರು. ನಾವು ಒಪ್ಪಲಾರೆವು. ಆ ನೀತಿಯು ನನ್ನ ಮಾತಿಗೆ ಸಲ್ಲುವುದು. ನನ್ನ ಮಾತನ್ನು ಆಡುವುದೂ ಬಿಡುವುದೂ ನನ್ನ ಕೈಯಲ್ಲಿದೆ. ಪರರ ಮಾತನ್ನು ಹೊತ್ತವನು ಅದನ್ನು ಪ್ರಿಯವಾಗಿಸಿದರೆ, ಇಟ್ಟುಕೊಡಲು ಕೊಟ್ಟ ಗಂಟನ್ನು ಬಿಚ್ಚಿ ಹಗುರಾದ ಒಡವೆಯನ್ನು ಇಟ್ಟಂತಾಯಿತು. ಮಹಾಭಾರತದ ಸಂಜಯನನ್ನು ನೆನೆಯೋಣ. ಕುರುಡ ತಂದೆಗೆ ಒಬ್ಬೊಬ್ಬ ಮಗನ ಸಾವನ್ನೂ ಅವನು ಹೇಳಬೇಕಾಯಿತು. ಧೃತರಾಷ್ಟ್ರನಿಗೆ ಕಣ್ಣಿಲ್ಲ, ಸಂಜಯನು ಹೇಳಿದುದೇ ಅವನಿಗೆ ಯುದ್ಧ. ಎಷ್ಟು ಸುಲಭವಾಗಿ ಮೆತ್ತಗೆ ಮಾಡಬಹುದಾಗಿತ್ತು! ಅವನು ಮಾಡಲಿಲ್ಲ, ಹೇಳಿ, ಮೂರ್ಛೆಹೋದ ಮುದುಕನನ್ನು ಎಬ್ಬಿಸಿ, ಸಂತೈಸಿದನು. ಸಂತೈಸುವುದು ಬೇರೆ, ಬದಲಿಸುವುದು ಬೇರೆ. ಅಂದು ನಾವೂ ಇದ್ದುದನ್ನು ಹೇಳಿ, ಆಮೇಲೆ ಅವನ ಹೆಗಲ ಮೇಲೆ ಕೈಯಿಡಬಹುದಾಗಿತ್ತು.

ಆದರೆ ‘ಇದ್ದುದನ್ನು ಇದ್ದಂತೆ’ ಎಂದು ಹೇಳಿ ಮುಗಿಸುವುದೂ ಸುಲಭದ ಮಾತು. ತ್ರಿಕೋಣದ ಪುಣ್ಯ ಮಾತಿಗಿಲ್ಲವೆಂದು ಮೇಲೆ ಹೇಳಿದೆವಷ್ಟೆ. ನಮ್ಮ ಶಾಲೆಯ ನಾಲ್ಕನೆಯ ತರಗತಿಯ ಒಬ್ಬ ಹುಡುಗನು ತಾಯಿಯ ಜೊತೆ ಆಸ್ಪತ್ರೆಗೆ ಹೋಗುವನು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಕೊಂಕಣಿ, ಅಂಗಡಿಯಲ್ಲಿ ಹಿಂದಿ, ಹೀಗೆ ಹತ್ತು ವರ್ಷದ ಆ ಮಗು ಇಡೀ ಮನೆಗೆ ‘ರಾಜ್ಯದ ನಾಲಿಗೆ’. ಒಂದು ದಿನ ನಾವೂ ಸಾಲಿನಲ್ಲಿದ್ದೆವು. ತಾಯಿ ತನ್ನ ಸಂಕಟವನ್ನು ಹೇಳಿದಳು: ಎದೆಯಲ್ಲಿ ತಳಮಳ, ಹೊಟ್ಟೆಯಲ್ಲಿ ಕಿವುಚಿದಂತೆ, ರಾತ್ರಿ ಜೀವ ಹೋದಂತೆ, ಹೋದ ವರ್ಷ ಸತ್ತ ಮಗುವಿನ ನೆನಪು. ಹುಡುಗನು ವೈದ್ಯರತ್ತ ತಿರುಗಿ ಹಿಂದಿಯಲ್ಲಿ ಹೊಟ್ಟೆನೋವು ಎಂದನು. ಹೊರಗೆ ಬಂದ ಮೇಲೆ, ಉಳಿದದ್ದನ್ನು ಏಕೆ ಹೇಳಲಿಲ್ಲವೆಂದು ಕೇಳಿದೆವು. “ಉಳಿದದ್ದು ನನಗೆ ಬರೂದಿಲ್ಲ ಸರ್” ಎಂದನು.

ಈ ಮಗುವನ್ನು ಯಾರು ದೂಷಿಸಿಯಾರು? ತಳಮಳಕ್ಕೆ ಹಿಂದಿಯಲ್ಲಿ ಏನೆನ್ನುವರೆಂದು ಕೇಳಿದರೆ ನಾವೂ ತಡವರಿಸುವೆವು. ಆದರೂ ಅವನಿಗೂ ನಮಗೂ ಇರುವ ಅಂತರ ಅಲ್ಲಿಯೇ ತಿಳಿಯಿತು. ಅವನು ಹೊರಲಾರದೆ ಬಿಟ್ಟನು, ಕೇಳಿದಾಗ ಬಿಟ್ಟೆನೆಂದು ಹೇಳಿದನು. ನಾವು ಹೊರಬಲ್ಲವರಾಗಿದ್ದೂ ಬಿಟ್ಟೆವು, ಕೇಳುವ ತನಕ ಹೇಳಲಿಲ್ಲ. ಮರುದಿನ ತರಗತಿಯಲ್ಲಿ ಅವನಿಗೆ ಒಂದೇ ಒಂದು ವಾಕ್ಯವನ್ನು ಹಿಂದಿಯಲ್ಲಿಯೂ ಕೊಂಕಣಿಯಲ್ಲಿಯೂ ಕಲಿಸಿದೆವು: ‘ಅವ್ವ ಇನ್ನೂ ಹೇಳಿದಳು, ನನಗೆ ಹೇಳಲಿಕ್ಕೆ ಬರಲಿಲ್ಲ.’ ಪಠ್ಯಕ್ರಮದಲ್ಲಿ ಇದು ಇಲ್ಲ. ಮುಂದಿನ ಸಲ ಅವನು ಅದನ್ನು ಹೇಳಿದಾಗ ವೈದ್ಯರು ಕನ್ನಡ ಬಲ್ಲ ಒಬ್ಬ ದಾದಿಯನ್ನು ಕರೆಸಿದರಂತೆ.

ಈಚೆಗೆ ಕಿಸೆಯೊಳಗಿನ ಫೋನು ಕೂಡ ಭಾಷಾಂತರ ಮಾಡುತ್ತದೆ. ನಮ್ಮ ಸಂಜೆಯ ಪಾಠದವರು ಅದನ್ನು ಬಾಯಿಯ ಬಳಿ ಹಿಡಿದು ಮಾತಾಡಿ ನಗುವರು. ಕರುಣೆಯಿಂದಾಗಲಿ, ನೋಟುಪುಸ್ತಕದ ಹಂಗಿನಿಂದಾಗಲಿ ಅದು ಮಾತನ್ನು ಮೆತ್ತಗೆ ಮಾಡುವುದಿಲ್ಲವೆಂಬುದು ಅದರ ಹಿರಿಮೆ. ಆದರೆ ಬಿಟ್ಟದ್ದನ್ನು ಬಿಟ್ಟೆನೆಂದು ತಾನಾಗಿ ಹೇಳುವುದನ್ನು ನಾವಂತೂ ಕೇಳಿಲ್ಲ.

ಇನ್ನು ಆ ಕೂಲಿಯ ಮಾತು. ಅವನು ನಮ್ಮ ಕೋಣೆಗೆ ಬಂದ ವಾರದಲ್ಲಿಯೇ, ಅವನು ಬೇಡವೆಂದರೂ, ನಾವು ಅವನನ್ನು ಕರೆದುಕೊಂಡು ಮತ್ತೆ ಅದೇ ಮೇಜಿನ ಮುಂದೆ ಹೋಗಿ ನಿಂತೆವು. ಒಳಗೆ ಹೋಗುವ ಮೊದಲು ಅವನಿಗೆ ಒಂದು ಮಾತು ಕೊಟ್ಟೆವು: ಅವರು ಆಡಿದ್ದೆಲ್ಲವನ್ನೂ ಹೇಳುವೆವು, ನಮಗೆ ಹೇಳಲಾಗದ್ದು ಬಂದರೆ ಹೇಳಲಾಗದೆಂದು ಹೇಳುವೆವು. ಮಹನೀಯರು ಮೊದಲಿಗಿಂತ ಒರಟಾಗಿ ಮಾತಾಡಿದರು. ಒಂದೊಂದು ವಾಕ್ಯವನ್ನೂ ಕನ್ನಡದಲ್ಲಿ ಹೇಳಿದೆವು. ‘ಕುಡುಕ’ ಎಂಬ ಮಾತನ್ನೂ ಹೇಳಿದೆವು, ನಮ್ಮ ಧ್ವನಿ ನಡುಗಿತು. ಅವನು ಪೂರ್ತಿ ಕೇಳಿದನು. ಆಮೇಲೆ ನೆಟ್ಟಗೆ ನಿಂತು ತನ್ನ ಕನ್ನಡದಲ್ಲಿ ಉತ್ತರ ಕೊಟ್ಟನು: ತಾನು ಹುಟ್ಟಿದಂದಿನಿಂದ ಕುಡಿದವನಲ್ಲ, ಯಂತ್ರದ ಕಾಪಿನ ತಗಡು ಮುರಿದದ್ದನ್ನು ಎರಡು ಸಲ ತೋರಿಸಿದ್ದೆ, ತೋರಿಸಿದವರ ಹೆಸರನ್ನು ಬೇಕಾದರೆ ಹೇಳುತ್ತೇನೆ ಎಂದನು. ಜೊತೆಗೆ ಒಂದು ಬೈಗುಳವೂ ಇತ್ತು. ಅದನ್ನೂ ಹಿಂದಿಗೆ ದಾಟಿಸಿದೆವು. ಮಹನೀಯರು ಬಹಳ ಹೊತ್ತು ನಮ್ಮನ್ನು ದಿಟ್ಟಿಸಿದರು, ಅವನನ್ನಲ್ಲ.

ಆ ದಿನ ಹಣವೇನೂ ಸಿಗಲಿಲ್ಲ. ಕಾರ್ಮಿಕ ಇಲಾಖೆಗೆ ಅರ್ಜಿ ಬರೆಯುವುದೆಂದು ನಿಶ್ಚಯವಾಯಿತು. ಅವನು ಕನ್ನಡದಲ್ಲಿ ಹೇಳಬೇಕು, ನಾವು ಇಂಗ್ಲಿಷಿನಲ್ಲಿ ಬರೆಯಬೇಕು, ಬರೆದುದನ್ನು ಮತ್ತೆ ಕನ್ನಡದಲ್ಲಿ ಅವನಿಗೆ ಓದಿ ಹೇಳಬೇಕು. ಬಾಣಸ್ತಾರಿಯ ಕಡೆಯ ಬಸ್ಸಿಗಾಗಿ ಕಾಯುತ್ತಾ ನಿಂತಿದ್ದಾಗ ಅವನು, ಬೈಗುಳಕ್ಕೆ ಹಿಂದಿಯಲ್ಲಿ ಏನೆಂದಿರಿ ಎಂದು ಕೇಳಿದನು. ಹೇಳಿದೆವು. ನಮ್ಮದರಷ್ಟು ಖಾರ ಇಲ್ಲವಲ್ಲ ಎಂದನು. ಇಲ್ಲ, ಅಷ್ಟು ಖಾರದ್ದು ನಮಗೆ ತಿಳಿದಿರಲಿಲ್ಲವೆಂದು ಒಪ್ಪಿಕೊಂಡೆವು.